ನಾಲ್ಕು ಮೈಕಲ್ಲಿ ಮೊದಲ ಇಪಿ: ಒಟ್ಟಿಗೆ ನುಡಿಸ್ಬೇಕಾ, ಬೇರೆ ಬೇರೆನಾ?

ಪ್ರ್ಯಾಕ್ಟೀಸ್ ರೂಮಲ್ಲೇ ಇಪಿ (ಕೆಲವೇ ಹಾಡಿನ ಚಿಕ್ಕ ಆಲ್ಬಮ್) ರೆಕಾರ್ಡ್ ಮಾಡ್ತಿದೀವಿ, ನಾಲ್ಕೇ ಮೈಕ್ ಇದೆ, ಎಲ್ಲಾ ಒಟ್ಟಿಗೆ ನುಡಿಸ್ಬೇಕಾ, ಸ್ನೇರ್ ಡ್ರಮ್ ಯಾಕೆ ತೆಳ್ಳಗೆ ಕೇಳ್ಸತ್ತೆ ಅಂತ ಕೇಳಿದೀರಲ್ಲ, ಪಂಕ್ ಆದ್ರೆ ಕಣ್ಮುಚ್ಕೊಂಡು ಒಟ್ಟಿಗೇ ನುಡಿಸಿ, ವೋಕಲ್ ಒಂದನ್ನ ಆಮೇಲೆ ತಗೊಳ್ಳಿ. ಒಂದೊಂದೇ ಟ್ರ್ಯಾಕ್ ಕ್ಲಿಕ್ಕಿಗೆ (ಟಿಕ್ ಟಿಕ್ ಅನ್ನೋ ಮೆಟ್ರೊನೋಮ್ ತಾಳಕ್ಕೆ) ನುಡಿಸಿದ್ರೆ ನೀಟಾಗಿ ಬರತ್ತೆ, ಆದ್ರೆ ಕೋರಸ್ ಬಂದಾಗ ಎಲ್ರೂ ಸ್ವಲ್ಪ ಮುಂದಕ್ಕೆ ಓಡ್ತೀರಲ್ಲ, ಆ ಮಜಾನೇ ಹೋಗ್ಬಿಡತ್ತೆ.

ಸ್ನೇರ್ ವಿಷ್ಯ ಬಹುಶಃ ಫೇಸ್ (phase) ಪ್ರಾಬ್ಲಮ್, ಅಂದ್ರೆ ಎರಡು ಮೈಕಿಗೆ ಸೇರೋ ಶಬ್ದದ ಅಲೆ ಒಂದಕ್ಕೊಂದು ಹೊಂದ್ತಿಲ್ಲ. ಶಬ್ದ ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗತ್ತೆ, ಡ್ರಮ್ ಸೆಟ್ ಮೇಲಿಟ್ಟ ಎರಡು ಮೈಕಲ್ಲಿ ಒಂದು ಹತ್ರ ಒಂದು ದೂರ ಇದ್ರೆ ಅದೇ ಏಟು ಒಂದಕ್ಕೆ ಮೊದ್ಲು ಇನ್ನೊಂದಕ್ಕೆ ಆಮೇಲೆ ಸೇರತ್ತೆ, ಎರಡನ್ನೂ ಕೂಡ್ಸಿದಾಗ ಕೆಲವು ಫ್ರೀಕ್ವೆನ್ಸಿ ಒಂದನ್ನೊಂದು ತಿಂದು ಹಾಕತ್ತೆ. ಒಂದು ದಾರ ತಗೊಂಡು ಸ್ನೇರ್ ಮಧ್ಯದಿಂದ ಎರಡೂ ಮೈಕಿಗೆ ಅಳೆದು ಸಮ ಮಾಡಿ, ಅಷ್ಟೇ. ಮೂರನೇ ಮೈಕ್ ಕಿಕ್ಕಿಗೆ (ಕಾಲಲ್ಲಿ ಬಾರಿಸೋ ದೊಡ್ಡ ಡ್ರಮ್), ನಾಲ್ಕನೇದು ಗಿಟಾರ್ ಆಂಪಿಗೆ, ಬಾಸ್ ಗಿಟಾರಿಗೆ ಡಿಐ (ಮೈಕಿಲ್ದೆ ವೈರಲ್ಲೇ ಜೋಡಿಸೋ ಡಬ್ಬಿ) ಹಾಕಿ ನೇರ ಕಂಪ್ಯೂಟರಿಗೆ ಸೇರಿಸೋ ಇಂಟರ್‌ಫೇಸಿಗೆ.

ಗಿಟಾರ್ ಗೇನ್ (ಆಂಪಲ್ಲಿ ಸದ್ದನ್ನ ಒರಟು ಮಾಡೋ ನಾಬ್) ದಯವಿಟ್ಟು ಸ್ವಲ್ಪ ಇಳ್ಸಿ (ಗಿಟಾರಿಸ್ಟ್ ಒಪ್ಪಲ್ಲ, ಗೊತ್ತು), ರೂಮಲ್ಲಿ ದಪ್ಪ ಅನ್ಸಿದ್ದು ರೆಕಾರ್ಡಿಂಗಲ್ಲಿ ಜೇನ್ನೊಣದ ಗೂಡಾಗತ್ತೆ. 24 ಬಿಟ್ ರೆಕಾರ್ಡಿಂಗಲ್ಲಿ ಪೀಕ್ (ಅತಿ ಜೋರಾದ ಜಾಗ) ಮೀಟರಲ್ಲಿ ಮೈನಸ್ 10 ಡಿಬಿ ಹತ್ರ ಇದ್ರೆ ಸಾಕು, ಕೆಂಪು ಲೈಟ್ ಹತ್ತೋದು ಬೇಡ, ಸದ್ದು ಒಡೆಯತ್ತೆ.

ಇನ್ನು ಒಂದೊಂದು ಹಾಡಿಗೆ ನಲವತ್ತು ಟೇಕ್ ಅಂದ್ರಲ್ಲ, ಅದು ಜಾಸ್ತಿ ಆಯ್ತು! ಇಂಗ್ಲೆಂಡಿನ ಪಂಕ್ ಬ್ಯಾಂಡ್ ಬಝ್‌ಕಾಕ್ಸ್ 1977ರಲ್ಲಿ ಸಾಲ ಮಾಡಿ ತಾವೇ ರಿಲೀಸ್ ಮಾಡಿದ ಮೊದಲ ಇಪಿ ಸ್ಟುಡಿಯೋದಲ್ಲೇ ಆಗಿದ್ದು ನಿಜ, ಆದ್ರೆ ನಾಲ್ಕು ಹಾಡು ಸೇರಿ ಕೆಲವೇ ಗಂಟೇಲಿ ಮುಗ್ಸಿದ್ರು. ನೀವು ಮೂರ್ನಾಲ್ಕು ಟೇಕ್ ತಗೊಂಡು, ಮಾರನೇ ದಿನ ಕೇಳಿ ಒಂದನ್ನ ಆರ್ಸಿ.