ಕಂಪ್ಯೂಟರ್ ಪ್ರಶ್ನೋತ್ತರ: ಡಿಸ್ಕ್ ಬಂತು, ಲೈಸೆನ್ಸ್ ಬರಲಿಲ್ಲ

ಪ್ರಶ್ನೆ: ನಮ್ಮ ರೈಸ್ ಮಿಲ್ಲಿನ ಹಳೆಯ ಬ್ರಾಂಡೆಡ್ ಕಂಪ್ಯೂಟರಿನ ಡಿಸ್ಕನ್ನು ಕ್ಲೋನ್ (ಯಥಾಪ್ರತಿ) ಮಾಡಿಸಿ, ಹೊಸ ಅಸೆಂಬಲ್ಡ್ ಯಂತ್ರಕ್ಕೆ ಹಾಕಿಸಿದೆವು. ಫೈಲುಗಳೆಲ್ಲ ಇವೆ. ಆದರೆ ವಿಂಡೋಸ್ ‘ಆಕ್ಟಿವೇಟ್’ ಮಾಡಿ ಎನ್ನುತ್ತಿದೆ. ಲೆಕ್ಕದ ತಂತ್ರಾಂಶ ಟ್ಯಾಲಿ 1, 2, 31ನೇ ತಾರೀಖು ಬಿಟ್ಟು ಬೇರೆ ದಿನದ ವೋಚರ್ ತೆಗೆದುಕೊಳ್ಳುತ್ತಿಲ್ಲ. ಕ್ಲೋನಿಂಗ್ ಕೆಟ್ಟಿದೆಯೇ? — ಓದುಗರು, ಗಂಗಾವತಿ

ಉತ್ತರ: ಕ್ಲೋನಿಂಗ್ ಕೆಟ್ಟಿಲ್ಲ. ಡಿಸ್ಕಿನಲ್ಲಿದ್ದದ್ದು ಬಂದಿದೆ, ಲೈಸೆನ್ಸ್ ಇದ್ದದ್ದು ಡಿಸ್ಕಿನಲ್ಲಲ್ಲ. ಬ್ರಾಂಡೆಡ್ ಯಂತ್ರದ ಜೊತೆ ಬರುವ ವಿಂಡೋಸ್ (ಒಇಎಂ) ಆ ಯಂತ್ರದ ಮದರ್‌ಬೋರ್ಡಿಗೆ ಕಟ್ಟಿದ್ದು. ಅದರ ಕೀ (ಲೈಸೆನ್ಸ್ ಸಂಖ್ಯೆ) ಬೋರ್ಡಿನ ಬಯಾಸ್ ಚಿಪ್ಪಿನಲ್ಲೇ ಕೂತಿರುತ್ತದೆ. ಬೇರೆ ಬೋರ್ಡಿಗೆ ಅದನ್ನು ಒಯ್ಯುವ ಹಕ್ಕು ನಿಮಗಿಲ್ಲ.

ಯಾವ ಬಗೆಯ ಲೈಸೆನ್ಸ್ ಎಂದು ಖಚಿತ ಮಾಡಿಕೊಳ್ಳಲು ಹಳೆಯ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಲ್‌ಎಂಜಿಆರ್’ ಬರೆದು, ಜಾಗ ಬಿಟ್ಟು, ಸ್ಲ್ಯಾಶ್ ಹಾಕಿ ‘ಡಿಎಲ್‌ಐ’ ಎಂದು ಕೊಡಿ. ‘ಒಇಎಂ’ ಎಂದು ಬಂದರೆ ಹೊಸ ಯಂತ್ರಕ್ಕೆ ಹೊಸ ವಿಂಡೋಸ್ ಕೊಳ್ಳಬೇಕು. ‘ರಿಟೇಲ್’ (ಬಿಡಿಯಾಗಿ ಕೊಂಡದ್ದು) ಎಂದು ಬಂದರೆ ಹಳೆಯದರಲ್ಲಿ ಇದೇ ಆದೇಶದಲ್ಲಿ ‘ಡಿಎಲ್‌ಐ’ ಬದಲು ‘ಯುಪಿಕೆ’ ಕೊಟ್ಟು ಕೀ ತೆಗೆಯಿರಿ. ಹೊಸದರಲ್ಲಿ ಅದೇ ಜಾಗದಲ್ಲಿ ‘ಐಪಿಕೆ’ ಬರೆದು, ಜಾಗ ಬಿಟ್ಟು ಕೀ ಕೊಟ್ಟು, ನಂತರ ‘ಎಟಿಒ’ ಕೊಡಿ. ‘ಯುಪಿಕೆ’ ಕೀಯನ್ನು ಆ ಯಂತ್ರದಿಂದ ಮಾತ್ರ ತೆಗೆಯುತ್ತದೆ, ಮೈಕ್ರೋಸಾಫ್ಟಿಗೆ ಸುದ್ದಿ ಮುಟ್ಟಿಸುವುದಿಲ್ಲ. ಹಾಗಾಗಿ ಹೊಸದು ತಕ್ಷಣ ಒಪ್ಪದಿದ್ದರೆ ಗಾಬರಿ ಬೇಡ. ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿದ್ದಾದರೆ ಸೆಟ್ಟಿಂಗ್ಸ್, ಸಿಸ್ಟಂ, ಆಕ್ಟಿವೇಶನ್‌ನಲ್ಲಿ ಟ್ರಬಲ್‌ಶೂಟ್ ಒತ್ತಿ, ಹಾರ್ಡ್‌ವೇರ್ ಇತ್ತೀಚೆಗೆ ಬದಲಿಸಿದ್ದೇನೆ ಎಂಬುದನ್ನು ಆರಿಸಿ.

‘ವಾಲ್ಯೂಮ್ ಕೆಎಂಎಸ್ ಕ್ಲೈಂಟ್’ ಎಂದು ಬಂತೆ? ಅದು ದೊಡ್ಡ ಸಂಸ್ಥೆಗಳ ಬಗೆಯ ಆಕ್ಟಿವೇಶನ್; 180 ದಿನದೊಳಗೆ ಸಂಸ್ಥೆಯ ಸರ್ವರಿನಿಂದ ನವೀಕರಣವಾಗಬೇಕು. ಮಿಲ್ಲಿನ ಒಂಟಿ ಕಂಪ್ಯೂಟರಿನಲ್ಲಿ ಅದು ಕಂಡರೆ ಯಾರೋ ಕಳ್ಳದಾರಿಯಲ್ಲಿ ಹಾಕಿಕೊಟ್ಟಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಕ್ಲೋನ್ ಮಾಡಿದರೆ ತೊಂದರೆಯೂ ಜೊತೆಗೇ ಬರುತ್ತದೆ.

ಇನ್ನು ಟ್ಯಾಲಿ. ನೀವು ಹೇಳಿದ ತಾರೀಖುಗಳ ಕಟ್ಟುಪಾಡು ಎಜುಕೇಶನಲ್ ಮೋಡಿನ (ಲೈಸೆನ್ಸ್ ಇಲ್ಲದ ಕಲಿಕಾ ಬಳಕೆಯ) ಗುರುತು, ಅಂದರೆ ಲೈಸೆನ್ಸ್ ಹೊಸ ಯಂತ್ರವನ್ನು ಗುರುತಿಸಿಲ್ಲ. ಹಳೆಯ ಯಂತ್ರ ಇನ್ನೂ ಚಾಲೂ ಇದ್ದರೆ ನಿಮ್ಮ ಅದೃಷ್ಟ: ಅದಕ್ಕೆ ಇಂಟರ್ನೆಟ್ ಕೊಟ್ಟು, ಟ್ಯಾಲಿಯ ಲೈಸೆನ್ಸ್ ಮೆನುವಿನಲ್ಲಿ ‘ಸರೆಂಡರ್’ ಮಾಡಿ, ಅಂದರೆ ಲೈಸೆನ್ಸ್ ಮರಳಿಸಿ. ಆಮೇಲೆ ಹೊಸದರಲ್ಲಿ ಸೀರಿಯಲ್ ನಂಬರ್ ಮತ್ತು ನೋಂದಾಯಿತ ಇಮೇಲ್ ಕೊಟ್ಟು ಆಕ್ಟಿವೇಟ್ ಮಾಡಿ. ಅನೇಕರು ಎಡವುವುದು ಇಲ್ಲೇ: ಮೊದಲು ಹಳೆಯದನ್ನು ಫಾರ್ಮ್ಯಾಟ್ ಮಾಡಿಬಿಡುತ್ತಾರೆ, ಮೇಲಾಗಿ ಆ ಇಮೇಲ್ ಹಿಂದಿನ ಅಕೌಂಟೆಂಟರದ್ದಾಗಿರುತ್ತದೆ. ಹಾಗಾಗಿದ್ದರೆ ಟ್ಯಾಲಿಯ ಸಹಾಯ ಕೇಂದ್ರವನ್ನೇ ಕೇಳಬೇಕು. ಲೆಕ್ಕದ ದತ್ತಾಂಶಕ್ಕೆ ಏನೂ ಆಗಿಲ್ಲ. ಆದರೂ ಡೇಟಾ ಫೋಲ್ಡರನ್ನು ಪೆನ್‌ಡ್ರೈವಿಗೆ ಒಮ್ಮೆ ತೆಗೆದಿಡಿ.

ಪ್ರಶ್ನೆ: ತರಬೇತಿ ಕೇಂದ್ರದ 15 ಕಂಪ್ಯೂಟರುಗಳಿಗೆ ಒಂದರ ವಿಂಡೋಸ್ 11 ಅನ್ನು ಕ್ಲೋನ್ ಮಾಡಿದ್ದೇವೆ. ಒಂದರಿಂದ ಇನ್ನೊಂದರ ಫೋಲ್ಡರ್ ತೆರೆಯುತ್ತಿಲ್ಲ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಕೇಳುತ್ತದೆ. — ಓದುಗರು, ಸಿಂಧನೂರು

ಉತ್ತರ: ಪ್ರತಿ ವಿಂಡೋಸಿಗೂ ‘ಸಿಡ್’ ಎಂಬ ಒಳಗುರುತು ಇರುತ್ತದೆ. ನೇರ ಕ್ಲೋನ್ ಮಾಡಿದರೆ ಹದಿನೈದಕ್ಕೂ ಒಂದೇ ಸಿಡ್. ಮೊದಲು ಇದರಿಂದ ಅಷ್ಟಾಗಿ ತೊಂದರೆ ಕಾಣುತ್ತಿರಲಿಲ್ಲ. 2025ರ ಆಗಸ್ಟ್ ಕೊನೆಯಿಂದ ಬಂದ ವಿಂಡೋಸ್ 11ರ ಅಪ್‌ಡೇಟುಗಳು ಒಂದೇ ಸಿಡ್ ಇರುವ ಯಂತ್ರಗಳ ನಡುವಿನ ಲಾಗಿನ್ ತಡೆಯುತ್ತವೆ. ಕಂಪ್ಯೂಟರಿನ ಹೆಸರು ಬದಲಿಸಿದರೆ ಸಿಡ್ ಬದಲಾಗುವುದಿಲ್ಲ.

ಇಮೇಜನ್ನೇ (ಹಂಚಲು ತೆಗೆಯುವ ಡಿಸ್ಕಿನ ಪ್ರತಿ) ಹೊಸದಾಗಿ ಮಾಡಿ. ಒಂದು ಯಂತ್ರದಲ್ಲಿ ವಿಂಡೋಸ್ ಹಾಕಿ, ಮೊದಲ ಪರದೆಯಲ್ಲೇ ಕಂಟ್ರೋಲ್, ಶಿಫ್ಟ್, ಎಫ್3 ಒಟ್ಟಿಗೆ ಒತ್ತಿ ಆಡಿಟ್ ಮೋಡಿಗೆ (ಬಳಕೆದಾರರ ಖಾತೆ ಮಾಡುವ ಮೊದಲಿನ ಸಿದ್ಧತೆಯ ಸ್ಥಿತಿ) ಹೋಗಿ. ಬೇಕಾದ ತಂತ್ರಾಂಶಗಳನ್ನು ಹಾಕಿ, ಸಿಸ್ಟಂ32 ಒಳಗಿನ ಸಿಸ್‌ಪ್ರೆಪ್ ತೆರೆದು ‘ಜನರಲೈಸ್’ ಗುರುತು ಹಾಕಿ (ಹಳೆಯ ಸಿಡ್ ಅಳಿಸುವುದು ಇದೇ), ‘ಶಟ್‌ಡೌನ್’ ಆರಿಸಿ. ಆರಿದ ಮೇಲೆ ಆ ಡಿಸ್ಕಿನಿಂದ ಬೂಟ್ ಮಾಡದೆ, ಕ್ಲೋನಿಂಗ್ ತಂತ್ರಾಂಶ ಕ್ಲೋನ್‌ಜಿಲ್ಲಾದ ಪೆನ್‌ಡ್ರೈವಿನಿಂದ ಇಮೇಜ್ ತೆಗೆಯಿರಿ. ಸಿಸ್‌ಪ್ರೆಪ್ ನಡುವೆಯೇ ನಿಂತರೆ ಬಹುಪಾಲು ಕಾರಣ ಎರಡೇ: ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಗೂಢಲಿಪಿ) ಚಾಲೂ ಇರುವುದು, ಅಥವಾ ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿದ ಸ್ಟೋರ್ ಆ್ಯಪ್.

ಎಡಿಶನ್ನೂ ನೋಡಿಕೊಳ್ಳಿ. ಯಂತ್ರದ ಕೀ ಹೋಮ್‌ನದು, ಇಮೇಜ್ ಪ್ರೊ ಆಗಿದ್ದರೆ ಆಕ್ಟಿವೇಟ್ ಆಗದು. ಒಇಎಂ ಲೈಸೆನ್ಸ್ ಒಂದೇ ಇದ್ದರೆ ಇಮೇಜ್ ಮಾಡಿ ಹಂಚುವ ಹಕ್ಕೂ ಸಿಗುವುದಿಲ್ಲ. ಅದಕ್ಕೆ ವಾಲ್ಯೂಮ್ ಲೈಸೆನ್ಸ್ ಬೇಕು, ಇಮೇಜನ್ನು ಅದರ ಮೀಡಿಯಾದಿಂದಲೇ ಮಾಡಬೇಕು. ಆಫೀಸ್ ‘ಹೋಮ್ ಆ್ಯಂಡ್ ಸ್ಟೂಡೆಂಟ್’ ವಾಣಿಜ್ಯ ಬಳಕೆಗಲ್ಲ. ಪಠ್ಯಕ್ರಮ ಒತ್ತಾಯಿಸದಿದ್ದರೆ ಲಿಬ್ರೆ ಆಫೀಸ್, ಜೊತೆಗೆ ಕನ್ನಡ ಗಣಕ ಪರಿಷತ್ತಿನ ನುಡಿ ಸಾಕು, ಎರಡೂ ಉಚಿತ.

ಪ್ರಶ್ನೆ: ಜೀನ್ಸ್ ಘಟಕದ ಕಸೂತಿ ಡಿಸೈನ್ ತಂತ್ರಾಂಶಕ್ಕೆ ಯುಎಸ್‌ಬಿ ಡಾಂಗಲ್ (ಲೈಸೆನ್ಸಿನ ಕೀಲಿಯಾದ ಪುಟ್ಟ ಸಾಧನ) ಇದೆ. ಕ್ಲೋನ್ ಮಾಡಿದ ಯಂತ್ರಕ್ಕೆ ಚುಚ್ಚಿದರೂ ‘ಕೀ ಸಿಗಲಿಲ್ಲ’ ಎನ್ನುತ್ತದೆ. — ಓದುಗರು, ಬಳ್ಳಾರಿ

ಉತ್ತರ: ಡ್ರೈವರ್ ಸಮಸ್ಯೆ ಇದ್ದಂತಿದೆ. ಡಾಂಗಲ್ ತೆಗೆದು, ಅದರ ಡ್ರೈವರನ್ನು ಅನ್‌ಇನ್‌ಸ್ಟಾಲ್ ಮಾಡಿ, ತಯಾರಕರ ಹೊಸ ಡ್ರೈವರ್ ಹಾಕಿ, ರೀಸ್ಟಾರ್ಟ್ ಮಾಡಿದ ಮೇಲೆ ಚುಚ್ಚಿ. ಹಬ್‌ಗೆ ಬೇಡ, ನೇರ ಪೋರ್ಟಿಗೆ.

ಪ್ರಶ್ನೆ: ಯಂತ್ರ ಬದಲಿಸದೆ, ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ ಹಾಕಿದರೆ? — ಓದುಗರು, ಕೊಪ್ಪಳ

ಉತ್ತರ: ಬೋರ್ಡ್ ಅದೇ ಆದ್ದರಿಂದ ವಿಂಡೋಸ್ ಸಾಮಾನ್ಯವಾಗಿ ತಕರಾರು ಮಾಡುವುದಿಲ್ಲ. ಟ್ಯಾಲಿ ಇದ್ದರೆ ಮಾತ್ರ, ಡಿಸ್ಕ್ ಬಿಚ್ಚುವ ಮೊದಲೇ ಸರೆಂಡರ್ ಮಾಡಿಕೊಳ್ಳಿ.