ಹಳೇ ಕಾರಿನ ತುಕ್ಕಿನ ತೂತು: ತಪಾಸಣೆಗೆ ಪುಟ್ಟಿ ಸಾಕಾ, ತಗಡೇ ಬೇಕಾ?

ನಿಮ್ಮ ಕಾರಿಗೆ 20 ವರ್ಷ. ಬಾಗಿಲ ಕೆಳಗಿನ ಸಿಲ್‌ನಲ್ಲಿ ಹೆಬ್ಬೆರಳು ತೂರುವಷ್ಟು ತೂತು, ಹಿಂದಿನ ಚಕ್ರದ ಮೇಲಿನ ಅಂಚಿನಲ್ಲಿ ಇನ್ನೊಂದು. ಮುಂದಿನ ತಿಂಗಳು ಕಾರು ರಸ್ತೆಗಿಳಿಯಲು ಯೋಗ್ಯವಾ ಅಂತ ನೋಡುವ ತಪಾಸಣೆ. ಗ್ಲಾಸ್ ಫೈಬರ್ ಅಂಟಿಸಿ, ಪುಟ್ಟಿ ಎಳೆದು, ಪೇಂಟ್ ಹೊಡೆದರೆ ನಡೆಯುತ್ತಾ ಅಂತ ಕೇಳಿದ್ದೀರಿ.

ಚಕ್ರದ ಹೊರ ಅಂಚಿಗೆ ನಡೆದರೂ ನಡೆಯಬಹುದು. ಸಿಲ್‌ಗೆ ನಡೆಯುವುದಿಲ್ಲ.

ನಾನೂ ಒಮ್ಮೆ ಇದೇ ಜಾಣತನ ಮಾಡಿದ್ದೆ. ಎರಡು ದಿನ ಕೂತು ಪುಟ್ಟಿ ತಿಕ್ಕಿ, ಕೈ ಸವರಿದರೆ ಗೊತ್ತೇ ಆಗದ ಹಾಗೆ ನುಣ್ಣಗೆ ಮಾಡಿದ್ದೆ. ತಪಾಸಣೆ ಮಾಡುವವರು ಕಣ್ಣಲ್ಲಿ ನೋಡಲೇ ಇಲ್ಲ. ಚಿಕ್ಕ ಸುತ್ತಿಗೆ ಹಿಡಿದು ಸಿಲ್ ಉದ್ದಕ್ಕೂ ತಟ್ಟುತ್ತಾ ಬಂದರು. ಟಣ್, ಟಣ್, ಟಣ್, ಆಮೇಲೆ ಡಬ್. ಅಲ್ಲೇ ನಿಂತು ನನ್ನ ಮುಖ ನೋಡಿದರು. ಕಾರು ವಾಪಸ್ ಮನೆಗೆ.

ಈಗಿನ ಬಹುಪಾಲು ಕಾರುಗಳಿಗೆ ಲಾರಿಯ ಹಾಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಚೌಕಟ್ಟು, ಇರುವುದಿಲ್ಲ. ಬಾಡಿಯೇ ಚಾಸಿ. ಸಿಲ್, ಫ್ಲೋರ್, ಜಾಕ್ ಕೊಡುವ ಜಾಗ, ಸಸ್ಪೆನ್ಷನ್ ಮತ್ತು ಸೀಟ್ ಬೆಲ್ಟ್ ಬೋಲ್ಟ್ ಆಗುವ ಜಾಗ, ಇವೆಲ್ಲ ಭಾರ ಹೊರುವ ತಗಡು. ಬ್ರಿಟನ್ನಿನಲ್ಲಿ ಎಂಒಟಿ ಅನ್ನುವ ವಾಹನ ತಪಾಸಣೆಯಲ್ಲಿ ಇಂಥ ಬೋಲ್ಟ್‌ಗಳ ಸುತ್ತ 30 ಸೆಂ.ಮೀ. ಒಳಗಿನ ತುಕ್ಕನ್ನು ವಿಶೇಷವಾಗಿ ನೋಡುತ್ತಾರೆ. ನಿಮ್ಮ ಕಡೆಯ ನಿಯಮ ಬೇರೆ ಇರಬಹುದು, ಆದರೆ ಟೇಪ್ ಹಿಡಿದು ಅಳೆಯಲು ಒಳ್ಳೇ ಲೆಕ್ಕ. ಚಕ್ರದ ಹೊರ ಅಂಚು ಚೆಂದಕ್ಕೆ ಇರುವ ತಗಡು. ಅದರ ಒಳಗಿನ ಪದರ ಹಾಗಲ್ಲ.

ಮೊದಲು ಹಳೇ ಸ್ಕ್ರೂಡ್ರೈವರ್ ತಗೊಂಡು ತೂತಿನ ಸುತ್ತ ಗಟ್ಟಿಯಾಗಿ ಚುಚ್ಚಿ. ಹೆದರಬೇಡಿ. ಒಳ್ಳೇ ತಗಡಾದರೆ ತುದಿ ಜಾರುತ್ತದೆ. ತುಕ್ಕು ತಿಂದಿದ್ದರೆ ಒಣ ತರಗೆಲೆ ತುಳಿದ ಹಾಗೆ ಚರ್ ಅಂತ ಒಳಗೆ ಹೋಗುತ್ತದೆ. ಹೆಬ್ಬೆರಳಿನ ತೂತು ಅಂಗೈ ಅಗಲ ಆಗುವುದು ಮಾಮೂಲು. ಸಿಲ್ ಒಂದು ಟೊಳ್ಳು ಪೆಟ್ಟಿಗೆ, ನೀರು ಒಳಗೇ ನಿಂತು ಅಲ್ಲಿಂದಲೇ ತಿನ್ನುತ್ತಾ ಬರುತ್ತದೆ. ಹೊರಗೆ ಪೇಂಟ್ ಉಬ್ಬುವ ಹೊತ್ತಿಗೆ ಒಳಗೆ ಕಥೆ ಮುಗಿದಿರುತ್ತದೆ.

ಆಮೇಲೆ ಗ್ರೈಂಡರ್‌ನಲ್ಲಿ ಹೊಳೆಯುವ ತಗಡು ಸಿಗುವ ತನಕ ಕತ್ತರಿಸಬೇಕು. ಇಲ್ಲಿ ಜಿಪುಣತನ ಬೇಡ. ತೆಳ್ಳಗಾದ ತಗಡಿಗೆ ವೆಲ್ಡಿಂಗ್ ಹಿಡಿದರೆ ಅದೂ ಸುಟ್ಟು ಇನ್ನೊಂದು ತೂತು ಬೀಳುತ್ತದೆ, ಅಷ್ಟೇ. ರಟ್ಟಿನಲ್ಲಿ ಅಚ್ಚು ಕತ್ತರಿಸಿ ಕೂರಿಸಿ ನೋಡಿ, ಅದೇ ಅಳತೆಗೆ ಸುಮಾರು 1 ಮಿ.ಮೀ. ದಪ್ಪದ ತಗಡು ಮಾಡಿಕೊಳ್ಳಿ. ಮಿಗ್ ವೆಲ್ಡಿಂಗ್ (ತಂತಿ ತಾನಾಗೇ ಬರುವ ವೆಲ್ಡಿಂಗ್) ಇದ್ದರೆ ಸುಲಭ. ಮೊದಲು ನಾಲ್ಕು ಮೂಲೆಗೆ ಚುಕ್ಕೆಯಷ್ಟು ವೆಲ್ಡ್, ಆಮೇಲೆ ಇಲ್ಲೊಂದು ಅಲ್ಲೊಂದು. ಒಂದೇ ಕಡೆಯಿಂದ ಎಳೆದುಕೊಂಡು ಹೋದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಆದರೆ ಭಾರ ಹೊರುವ ಜಾಗದಲ್ಲಿ ಚುಕ್ಕೆಗೇ ನಿಲ್ಲಿಸಬೇಡಿ, ಸುತ್ತ ಪೂರ್ತಿ ಕೂಡಿಸಿ.

ಸಿಲ್ ಜಾಸ್ತಿ ಕತ್ತರಿಸುವುದಾದರೆ ಕಾರಿಗೆ ಸರಿಯಾಗಿ ಆಧಾರ ಕೊಡಿ, ಬಾಗಿಲ ಸಂದು ಆಗಾಗ ನೋಡುತ್ತಿರಿ. ಕಾರು ಒಂಚೂರು ಬಗ್ಗಿದ ಸ್ಥಿತಿಯಲ್ಲಿ ವೆಲ್ಡ್ ಮಾಡಿಬಿಟ್ಟರೆ ಆಮೇಲೆ ಬಾಗಿಲು ಹಾಕಲು ಬರುವುದಿಲ್ಲ.

ಬೆಂಕಿ ವಿಷಯ ದಯವಿಟ್ಟು ಸುಮ್ನೆ ಓದಿಬಿಡಬೇಡಿ. ಬ್ಯಾಟರಿ ಬಿಚ್ಚಿ. ಒಳಗಿನ ಕಾರ್ಪೆಟ್, ಸ್ಪಂಜು ತೆಗೆಯಿರಿ. ಪೆಟ್ರೋಲ್ ಪೈಪ್, ಬ್ರೇಕ್ ಪೈಪ್, ವೈರ್ ಎಲ್ಲಿ ಹೋಗಿವೆ ಅಂತ ಮೊದಲೇ ನೋಡಿಕೊಳ್ಳಿ. ಒಬ್ಬರು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಪಕ್ಕದಲ್ಲೇ ಇರಲಿ. ಕೆಲಸ ಮುಗಿದ ಮೇಲೂ ಒಂದು ಗಂಟೆ ಅಲ್ಲೇ ಇರಿ. ನನಗೊಮ್ಮೆ ಅರ್ಧ ಗಂಟೆ ಕಳೆದ ಮೇಲೆ ಸೀಟಿನ ಕೆಳಗಿಂದ ಹೊಗೆ ಬಂದಿತ್ತು. ಹೌದು, ಕಾರ್ಪೆಟ್‌ನ ಒಂದು ತುಂಡು ಬಿಟ್ಟಿದ್ದೆ.

ವೆಲ್ಡ್ ಆದ ಮೇಲೆ ಪ್ರೈಮರ್, ಸಂದಿಗೆ ಸೀಲರ್, ಪೇಂಟ್. ಎಲ್ಲ ಒಣಗಿದ ಮೇಲೆ ಸಿಲ್ ಒಳಗೆ ಕ್ಯಾವಿಟಿ ವ್ಯಾಕ್ಸ್ (ಟೊಳ್ಳು ಜಾಗದಲ್ಲಿ ತುಕ್ಕು ತಡೆಯುವ ಮೇಣ) ಸ್ಪ್ರೇ ಮಾಡಿ. ವೆಲ್ಡಿಂಗ್ ಬಿಸಿಗೆ ಒಳಗಡೆಯ ಬಣ್ಣ ಸುಟ್ಟಿರುತ್ತದೆ, ವ್ಯಾಕ್ಸ್ ಬಿಟ್ಟರೆ ಹೊಸ ತಗಡಿಗೂ ಅದೇ ಗತಿ. ತಳದಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ, ಅವನ್ನು ತುಕ್ಕಿನ ತೂತು ಅಂತ ಮುಚ್ಚಬೇಡಿ! ತಪಾಸಣೆಗೆ ಮುಂಚೆ ದಪ್ಪ ಕಪ್ಪು ಡಾಂಬರಿನಂಥದ್ದನ್ನು ಬಳಿಯುವುದೂ ಬೇಡ. ಏನೋ ಮುಚ್ಚಿಟ್ಟಿದ್ದಾರೆ ಅಂತಲೇ ಅನುಮಾನ ಬರುತ್ತದೆ. ವೆಲ್ಡಿಂಗ್ ಕಾಣುತ್ತಿದ್ದರೆ ನಿಮಗೇ ಒಳ್ಳೆಯದು.

ಚಕ್ರದ ಅಂಚಿನ ತೂತಿಗೆ ಇಷ್ಟೆಲ್ಲ ಬೇಡ. ತುಕ್ಕು ಪೂರ್ತಿ ತೆಗೆದು, ಫೈಬರ್ ಹಾಕಿ, ಮೇಲೆ ತೆಳ್ಳಗೆ ಪುಟ್ಟಿ. ಹಿಂದುಗಡೆಯೂ ಪೇಂಟ್ ಮಾಡಿ, ಪುಟ್ಟಿ ನೀರು ಕುಡಿಯುತ್ತದೆ.

ಅದಿರಲಿ, ಸಿಲ್ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿದಿರಾ? ಒಳಗಿನ ಎರಡನೇ ತಗಡು ಗಟ್ಟಿ ಇದೆಯಾ? ಅದೂ ಹೋಗಿದ್ದರೆ ಮೊದಲ ಸಲಕ್ಕೆ ನೀವೇ ಮಾಡುವ ಕೆಲಸ ಅಲ್ಲ, ಕೈ ಪಳಗಿದ ವೆಲ್ಡರ್‌ಗೆ ಕೊಡಿ. ನೋಡಿ ಹೇಳಿ.