ಮೇಷ್ಟ್ರನ್ನು ಕೇಳಿ: ಚೆಲ್ಲಿದ ಬಣ್ಣಕ್ಕೆ ಸಿಐಎ ದುಡ್ಡಾ?

ಪ್ರಶ್ನೆ: ಮೇಷ್ಟ್ರೇ, 1958ರಲ್ಲಿ ಯುರೋಪ್ ಸುತ್ತಿದ ‘ದಿ ನ್ಯೂ ಅಮೆರಿಕನ್ ಪೇಂಟಿಂಗ್’ ಪ್ರದರ್ಶನ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಆಟ ಎಂದು ಮಗಳು ಎಲ್ಲೋ ಓದಿದಳಂತೆ. ನಿಜವಾ? ಬಣ್ಣ ಚೆಲ್ಲಿದ ಚಿತ್ರ ತೋರಿಸಿ ಯಾರನ್ನು ಗೆಲ್ಲೋಕಾಗುತ್ತೆ?
– ಓದುಗರೊಬ್ಬರು, ಹಾಸನ

ಉತ್ತರ: ಅದು ಶೀತಲ ಸಮರದ ಕಾಲ. ನಮ್ಮಲ್ಲಿ ಕಲಾವಿದ ಸ್ವತಂತ್ರ ಎಂದು ಸೋವಿಯತ್ ರಷ್ಯಾದ ಎದುರು ತೋರಿಸಬೇಕಿತ್ತು ಅಮೆರಿಕಕ್ಕೆ. ಮೊದಲು ಅಲ್ಲಿನ ಸರ್ಕಾರದ ಪಜೀತಿ ಕೇಳಿ. 1946ರಲ್ಲಿ ವಿದೇಶಾಂಗ ಇಲಾಖೆ ತಾನೇ 79 ತೈಲಚಿತ್ರ ಕೊಂಡು ಹೊರದೇಶಗಳಿಗೆ ಕಳಿಸಿತು. ಅವುಗಳಲ್ಲಿ ಪೂರ್ತಿ ಅಮೂರ್ತವಾದವು, ಅಂದರೆ ಯಾವ ವಸ್ತುವಿನ ರೂಪವೂ ಕಾಣದವು, ಕಡಿಮೆಯೇ. ಆದರೂ ಅಮೆರಿಕದಲ್ಲಿ ಗಲಾಟೆ. ನಮ್ಮ ತೆರಿಗೆ ಹಣಕ್ಕೆ ಇದೆಂಥ ಚಿತ್ರ, ಬರೆದವರು ಎಡಪಂಥೀಯರಲ್ವಾ ಎಂದು. ಅಧ್ಯಕ್ಷ ಟ್ರೂಮನ್ ಕೂಡ ಗೇಲಿ ಮಾಡಿದರು. ಮಾರನೇ ವರ್ಷ ಪ್ರವಾಸ ನಿಂತಿತು. 1948ರಲ್ಲಿ ಆ ಚಿತ್ರಗಳನ್ನು ಯುದ್ಧದಲ್ಲಿ ಮಿಕ್ಕ ಸಾಮಾನಿನ ಲೆಕ್ಕದಲ್ಲಿ ಮಾರಿಬಿಟ್ಟರು!

ಸರ್ಕಾರ ಕೈ ಸುಟ್ಟುಕೊಂಡ ಈ ಕೆಲಸವನ್ನು ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕೈಗೆತ್ತಿಕೊಂಡಿತು. ನಿಮ್ಮ ಮಗಳು ಹೇಳಿದ ಪ್ರದರ್ಶನ ಅದರದ್ದೇ. ಡೊರೊಥಿ ಮಿಲ್ಲರ್ ಆರಿಸಿದ 17 ಕಲಾವಿದರ 81 ಚಿತ್ರ. ಬಾಸೆಲ್‌ನಿಂದ ಲಂಡನ್ನಿನವರೆಗೆ ಎಂಟು ಊರು. ಹದಿನೇಳರಲ್ಲಿ ಹೆಂಗಸು ಒಬ್ಬರೇ, ಗ್ರೇಸ್ ಹಾರ್ಟಿಗನ್. ಸ್ಪೇನ್‌ನ ಸರ್ವಾಧಿಕಾರಿ ಫ್ರಾಂಕೋನ ಮ್ಯಾಡ್ರಿಡ್‌ಗೂ ಈ ‘ಸ್ವಾತಂತ್ರ್ಯದ ಕಲೆ’ ಹೋಯಿತು ಅನ್ನುವುದನ್ನು ನೆನೆದರೆ ನನಗೂ ಅನುಮಾನ ಬರುತ್ತದೆ.

ಸಿಐಎ ಆಗ ಯುರೋಪಿನ ಸಾಂಸ್ಕೃತಿಕ ಸಂಸ್ಥೆಗಳಿಗೆ ಹಿಂಬಾಗಿಲಿಂದ ದುಡ್ಡು ಕೊಡುತ್ತಿದ್ದದ್ದು ನಿಜ. ಅಲ್ಲಿ ಕೆಲಸ ಮಾಡಿದ್ದ ಥಾಮಸ್ ಬ್ರೇಡನ್ 1967ರಲ್ಲಿ ಹಾಗೆಂದು ಬರೆದೇ ಒಪ್ಪಿಕೊಂಡರು. ಸಿಐಎ ಸೇರುವ ಮೊದಲು ಅವರು ಇದೇ ಮ್ಯೂಸಿಯಂನ ಕಾರ್ಯದರ್ಶಿ. ನೆಂಟಸ್ತಿಕೆ ಇತ್ತು ಅನ್ನಿ. ಆದರೆ ಗೂಢಚಾರರು ಹೇಳಿ ಬರೆಸಿದ ಚಿತ್ರಗಳಲ್ಲ ಇವು. ಆ ಹದಿನೇಳರಲ್ಲಿ ಒಬ್ಬರಾದ, ಬಣ್ಣ ಚೆಲ್ಲಿ ಚಿತ್ರ ಬರೆಯುವುದಕ್ಕೇ ಹೆಸರಾದ ಜಾಕ್ಸನ್ ಪೊಲಾಕ್ ಅಂತೂ ಪ್ರದರ್ಶನ ಹೊರಡುವ ಮೊದಲೇ, 1956ರಲ್ಲಿ ತೀರಿಕೊಂಡಿದ್ದರು.

ಇನ್ನು ಚೆಲ್ಲಿದ ಬಣ್ಣ. ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿ ನಾನೂ ಸುಮ್ನೆ ಪುಸ್ತಕದ ಫೋಟೊ ನೋಡಿ ಹಾಗೇ ಅಂದುಕೊಂಡಿದ್ದವನು. ಮಗನ ಮನೆಗೆಂದು ನ್ಯೂಜೆರ್ಸಿಗೆ ಹೋದಾಗ ಆ ಮ್ಯೂಸಿಯಂನಲ್ಲಿ ಪೊಲಾಕ್‌ರ ‘ನಂಬರ್ 1ಎ, 1948’ ಮುಂದೆ ನಿಂತೆ. ಅಗಲ ಎಂಟೂವರೆ ಅಡಿಗೂ ಜಾಸ್ತಿ. ಮನೆಗೆ ಬಳಿಯುವ ಎನಾಮೆಲ್ ಪೇಂಟು ಕೆಲವು ಕಡೆ ದಾರದ ಹಾಗೆ ಸಣ್ಣ, ಕೆಲವು ಕಡೆ ಗಟ್ಟಿಯಾಗಿ ಉಬ್ಬಿದೆ. ಬಲಗಡೆ ಮೇಲ್ಮೂಲೆಯಲ್ಲಿ ಅಂಗೈ ಅಚ್ಚುಗಳು! ಯಾವ ಫೋಟೊದಲ್ಲೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ದೂರದಿಂದಲೇ ನನ್ನ ಕೈ ಎತ್ತಿ ಅದಕ್ಕೆ ಸರಿಹೊಂದಿಸಿ ನೋಡಿದೆ. ಗಾರ್ಡ್ ಕೆಮ್ಮಿದ.